ಕಾಣದಿರುವುದೂ ಇಲ್ಲದಿರುವುದೂ: ಶ್ವಾಸರೋಗಗಳ ಪ್ರಯೋಗಶಾಲಾ ವರದಿಗಳ ವಿಮರ್ಶೆ

೧

ಒಂದು ವಸ್ತು ಉಂಟೆಂದು ಹೇಳುವುದಕ್ಕೆ ಪ್ರಮಾಣವು ಬೇಕಾದಂತೆಯೇ ಅದು ಇಲ್ಲವೆಂದು ಹೇಳುವುದಕ್ಕೂ ಪ್ರಮಾಣವು ಬೇಕು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಆರನೆಯ ಪ್ರಮಾಣವೆಂದು ಒಪ್ಪಿದರು. ನೈಯಾಯಿಕರು ಹಾಗೆ ಒಪ್ಪದೆ, ಅಭಾವವೂ ಪ್ರತ್ಯಕ್ಷದಿಂದಲೇ ತಿಳಿಯತಕ್ಕದ್ದೆಂದೂ ಅನುಪಲಬ್ಧಿಯು ಅದಕ್ಕೆ ಸಹಕಾರಿಮಾತ್ರವೆಂದೂ ವಾದಿಸಿದರು. ಈ ವಾದವು ಹೇಗೇ ಇರಲಿ, ಒಂದು ನಿಬಂಧನೆಯಲ್ಲಿ ಇಬ್ಬರಿಗೂ ಭೇದವಿಲ್ಲ. ಆ ನಿಬಂಧನೆಯೇ ಯೋಗ್ಯತೆ. ‘ಇಲ್ಲಿ ಗಡಿಗೆಯಿದ್ದಿದ್ದರೆ ಕಾಣುತ್ತಿತ್ತು, ಕಾಣುವುದಿಲ್ಲ, ಆದುದರಿಂದ ಇಲ್ಲ’ ಎಂಬಲ್ಲಿ ಮೊದಲನೆಯ ವಾಕ್ಯವೇ ಪ್ರಾಣ. ಅದು ಸಿದ್ಧವಾಗದಿದ್ದರೆ ಉಳಿದೆರಡು ವಾಕ್ಯಗಳಿಗೆ ಆಧಾರವಿಲ್ಲ. ದೀಪವಿಲ್ಲದ ಕೋಣೆಯಲ್ಲಿ ಗಡಿಗೆಯು ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ದೀಪವಿದ್ದರೂ ಪರಮಾಣುವು ಕಾಣಲಿಲ್ಲವೆಂದು ಪರಮಾಣುವಿಲ್ಲವೆನ್ನಲಾಗದು.

೨೦೨೦ರಲ್ಲಿ ಕೋವಿಡ್ ಮಹಾಮಾರಿಯು ಬಂದಂದಿನಿಂದ ಕನ್ನಡದಲ್ಲಿ ಒಂದು ಹೊಸ ಬಗೆಯ ಗದ್ಯವು ಬೆಳೆದಿದೆ. ಪ್ರಯೋಗಶಾಲೆಯ ಫಲಿತಾಂಶವನ್ನು ಜನರಿಗೆ ತಿಳಿಸುವ ಸರಕಾರದ ಪ್ರಕಟನೆಗಳು, ಅವುಗಳನ್ನು ಅನುಸರಿಸಿ ಬರೆದ ಪತ್ರಿಕಾವಾರ್ತೆಗಳು, ಅವೆರಡನ್ನೂ ಓದಿ ಮನೆಮನೆಗಳಲ್ಲಿ ಆಡಿದ ಮಾತುಗಳು, ಇವೆಲ್ಲ ಸೇರಿ ಆ ಗದ್ಯವಾಗಿದೆ. ಅದರ ಶೈಲಿಯನ್ನು ಕುರಿತು ಹೇಳತಕ್ಕದ್ದು ಹೆಚ್ಚಿಲ್ಲ. ವಿಚಾರಿಸತಕ್ಕದ್ದು ಅದರ ಪ್ರಮಾಣವನ್ನು. ಈ ಗದ್ಯದಲ್ಲಿ ‘ಇಲ್ಲ’ ಎಂಬ ಒಂದೇ ಮಾತು ನಾಲ್ಕು ಬೇರೆ ಬೇರೆ ಅರ್ಥಗಳನ್ನು ಹೊತ್ತು ತಿರುಗುತ್ತಿದೆ. ಶಾಸ್ತ್ರವು ಅಭಾವವನ್ನು ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ ಎಂದು ನಾಲ್ಕಾಗಿ ವಿಂಗಡಿಸಿದ್ದು ಇಂತಹ ಗೊಂದಲವನ್ನು ಕಳೆಯುವುದಕ್ಕಾಗಿಯೇ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ಸ್ಥಳಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಆ ವಿಂಗಡಣೆಯಿಂದ ಈ ವರದಿಗಳನ್ನು ಪರೀಕ್ಷಿಸಿದರೆ, ಎಲ್ಲಿ ತಿಳಿವಳಿಕೆಯುಂಟು, ಎಲ್ಲಿ ಕೇವಲ ಮೌನವುಂಟು ಎಂಬುದು ಸ್ಪಷ್ಟವಾಗುವುದು.

೨

ಮಹಾಮಾರಿಯ ಲೆಕ್ಕವು ತಪ್ಪಿಹೋದ ಅನುಭವವು ಈ ನಾಲ್ಕು ಊರುಗಳಿಗೆ ಹೊಸದಲ್ಲ. ೧೯೧೮ರ ಜೂನಿನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಎನ್‌ಜಾ ಜ್ವರವು ಅದೇ ವರ್ಷದ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಎರಡನೆಯ ಸಲ ಎದ್ದು ಮುಂಬಯಿ ಇಲಾಖೆಯಲ್ಲಿ ಹಬ್ಬಿತು. ಮರಾಠಿಯಲ್ಲಿ ಅದಕ್ಕೆ ‘ಮಾನಮೋಡಿ’, ಕತ್ತು ಮುರಿಯುವ ಬೇನೆ, ಎಂದು ಹೆಸರಾಯಿತು. ಆಗ ಜಮಖಂಡಿಯು ಪಟವರ್ಧನರ ಸಂಸ್ಥಾನ. ಮುಧೋಳವು ಘೋರ್ಪಡೆಯವರ ಸಂಸ್ಥಾನ. ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಇಂದು ಒಂದೇ ನಗರವೆನಿಸಿರುವ ರಬಕವಿ-ಬನಹಟ್ಟಿಗಳಲ್ಲಿ ರಬಕವಿಯು ಸಾಂಗಲಿ ಸಂಸ್ಥಾನದ್ದು, ಬನಹಟ್ಟಿಯು ಜಮಖಂಡಿ ಸಂಸ್ಥಾನದ್ದು. ಹೀಗೆ ಒಂದು ದಿನದ ನಡಿಗೆಯ ನೆರೆಯಲ್ಲಿದ್ದ ಊರುಗಳು ನಾಲ್ಕು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಬೇನೆಗೆ ಗಡಿಯಿರಲಿಲ್ಲ, ಲೆಕ್ಕಕ್ಕೆ ಇದ್ದಿತು.

ಇಡೀ ಹಿಂದುಸ್ಥಾನದಲ್ಲಿ ಆ ಬೇನೆಯಿಂದ ಸತ್ತವರು ಸುಮಾರು ೧ ಕೋಟಿ ೨೦ ಲಕ್ಷವೆಂದು ಕೆಲವರೂ ೨ ಕೋಟಿಯವರೆಗೆ ಎಂದು ಕೆಲವರೂ ಅಂದಾಜು ಮಾಡಿದ್ದಾರೆ. ಅಂದಾಜುಗಳ ನಡುವಿನ ೮೦ ಲಕ್ಷದ ಅಂತರವನ್ನು ವಾಚಕರು ಗಮನಿಸತಕ್ಕದ್ದು. ಅಷ್ಟು ಜನರು ಇದ್ದರೋ ಇಲ್ಲವೋ, ಸತ್ತರೋ ಬದುಕಿದರೋ ಎಂಬುದೇ ನಿಶ್ಚಯವಾಗದಷ್ಟು ಲೆಕ್ಕವು ಸಡಿಲವಾಗಿದ್ದಿತು. ಗ್ರಾಮಾಧಿಕಾರಿಗಳು ಮರಣವನ್ನು ಬರೆಯುತ್ತಿದ್ದ ಪುಸ್ತಕದಲ್ಲಿ ಕಾಲರಾ, ಪ್ಲೇಗು, ಸಿಡುಬು ಮೊದಲಾದವುಗಳಿಗೆ ಬೇರೆ ಅಂಕಣಗಳಿದ್ದವು. ಉಳಿದುದರಲ್ಲಿ ಬಹುಭಾಗವು ‘ಜ್ವರ’ವೆಂಬ ಒಂದೇ ಅಂಕಣಕ್ಕೆ ಬಿದ್ದಿತು. ಇನ್‌ಫ್ಲುಎನ್‌ಜಾದಿಂದ ಸತ್ತವನೂ ಮಲೇರಿಯಾದಿಂದ ಸತ್ತವನೂ ಆ ಪುಸ್ತಕದಲ್ಲಿ ಒಂದೇ.

ಗ್ರಾಮಾಧಿಕಾರಿಯನ್ನು ಇದಕ್ಕಾಗಿ ನಿಂದಿಸುವುದು ಯುಕ್ತವಲ್ಲ. ದೊಡ್ಡ ದೊಡ್ಡ ಪ್ರಯೋಗಶಾಲೆಗಳೇ ಆಗ ಎಡವಿದ್ದವು. ೧೮೯೨ರಲ್ಲಿ ಜರ್ಮನಿಯ ಫೈಫರನು ರೋಗಿಗಳ ಕಫದಲ್ಲಿ ಒಂದು ಸೂಕ್ಷ್ಮಾಣುವನ್ನು ಕಂಡು ಅದೇ ಇನ್‌ಫ್ಲುಎನ್‌ಜಾದ ಕಾರಣವೆಂದು ಸಾರಿದನು. ೧೯೧೮ರಲ್ಲಿ ಎಲ್ಲರೂ ಆ ಸೂಕ್ಷ್ಮಾಣುವನ್ನೇ ಹುಡುಕಿದರು. ಕೆಲವರಲ್ಲಿ ಸಿಕ್ಕಿತು, ಕೆಲವರಲ್ಲಿ ಸಿಕ್ಕಲಿಲ್ಲ. ನಿಜವಾದ ಕಾರಣವಾದ ವೈರಾಣುವು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಗೋಚರವಾಗತಕ್ಕುದೇ ಅಲ್ಲ. ಮನುಷ್ಯರ ಇನ್‌ಫ್ಲುಎನ್‌ಜಾ ವೈರಾಣುವನ್ನು ಇಂಗ್ಲೆಂಡಿನ ಸ್ಮಿತ್, ಆಂಡ್ರ್ಯೂಸ್, ಲೇಡ್ಲಾ ಎಂಬ ಮೂವರು ಬೇರ್ಪಡಿಸಿದ್ದು ೧೯೩೩ರಲ್ಲಿ. ಅಲ್ಲಿಯವರೆಗಿನ ‘ಕಾಣಲಿಲ್ಲ’ ಎಂಬ ಮಾತಿಗೆ ಯೋಗ್ಯತೆಯೇ ಇರಲಿಲ್ಲ. ಕಣ್ಣಿನಿಂದ ಶಬ್ದವನ್ನು ಹುಡುಕಿದಂತೆ ಅದು.

೩

ಈಗಿನ ಪರೀಕ್ಷೆಯು ಆ ದೋಷದಿಂದ ಮುಕ್ತವಾಗಿದೆಯೆಂದು ಹೇಳಬಹುದೇ? ಆರ್.ಟಿ.-ಪಿ.ಸಿ.ಆರ್. ಎಂಬ ಪರೀಕ್ಷೆಯು ಗಂಟಲಿನ ಅಥವಾ ಮೂಗಿನ ದ್ರವದಲ್ಲಿ ವೈರಾಣುವಿನ ಅತ್ಯಲ್ಪ ಅಂಶವಿದ್ದರೂ ಅದನ್ನು ಕೋಟ್ಯಂತರ ಪಾಲು ಹೆಚ್ಚಿಸಿ ತೋರಿಸುತ್ತದೆ. ಆದರೆ ಅದು ತನಗೆ ಹೇಳಿಕೊಟ್ಟ ವೈರಾಣುವನ್ನು ಮಾತ್ರ ಹುಡುಕುತ್ತದೆ. ಕೊರೊನಾ ವೈರಾಣುವಿಗೆಂದು ಸಿದ್ಧವಾದ ಪರೀಕ್ಷೆಗೆ ಇನ್‌ಫ್ಲುಎನ್‌ಜಾ ಕಾಣದು. ಅದು ಒಂದೇ ಪ್ರಶ್ನೆಯನ್ನು ಕೇಳಬಲ್ಲ ಸಾಕ್ಷಿ.

ಬನಹಟ್ಟಿಯ ನೇಕಾರನೊಬ್ಬನಿಗೆ ಜ್ವರವೂ ಕೆಮ್ಮೂ ಬಂದು, ಪರೀಕ್ಷೆಯು ‘ನೆಗೆಟಿವ್’ ಎಂದು ಬಂದಿತೆಂದು ಭಾವಿಸಬಹುದು. ಈ ವಾಕ್ಯದ ಅರ್ಥವು ‘ಈ ಜ್ವರವು ಕೊರೊನಾ ಅಲ್ಲ’ ಎಂಬಿಷ್ಟೇ. ‘ಘಟವು ಪಟವಲ್ಲ’ ಎಂಬಂತೆ ಇದು ಅನ್ಯೋನ್ಯಾಭಾವ. ಆದರೆ ಮನೆಯವರು ಅದನ್ನು ‘ರೋಗವಿಲ್ಲ’ ಎಂದು ಓದಿಕೊಂಡರು. ಘಟವು ಪಟವಲ್ಲವೆಂದು ತಿಳಿದವನು ಘಟವೇ ಇಲ್ಲವೆಂದು ನಿಶ್ಚಯಿಸಿದಂತಾಯಿತು. ಆ ನೇಕಾರನಿಗೆ ಇನ್‌ಫ್ಲುಎನ್‌ಜಾ ಇದ್ದಿದ್ದರೆ ಅದಕ್ಕೆ ಒಸೆಲ್ಟಾಮಿವಿರ್ ಎಂಬ ಬೇರೆ ಔಷಧವುಂಟು. ಲಕ್ಷಣ ಕಾಣಿಸಿದ ಎರಡು ದಿನಗಳೊಳಗೆ ಕೊಟ್ಟರೆ ಅದರ ಗುಣವು ಹೆಚ್ಚು. ಮಗ್ಗದ ಹತ್ತಿಯ ದೂಳನ್ನು ವರ್ಷಗಟ್ಟಲೆ ಸೇವಿಸಿದ ಎದೆಗೆ ಯಾವ ಶ್ವಾಸರೋಗವೂ ಸಣ್ಣದಲ್ಲ. ‘ನೆಗೆಟಿವ್’ ಎಂಬ ಒಂದು ಮಾತನ್ನು ತಪ್ಪಾಗಿ ಓದಿದ ಫಲವಾಗಿ ಆ ಎರಡು ದಿನಗಳು ಸುಮ್ಮನೆ ಕಳೆದುಹೋಗುವುವು.

ಸರಕಾರದ ಪ್ರಕಟನೆಯ ರಚನೆಯೂ ಈ ತಪ್ಪಿಗೆ ನೆರವಾಯಿತು. ೨೦೨೦ರ ಆರಂಭದ ತಿಂಗಳುಗಳಲ್ಲಿ ರಾಜ್ಯದ ದೈನಂದಿನ ಪ್ರಕಟನೆಯು ಪ್ರತಿಯೊಬ್ಬ ಸೋಂಕಿತನ ಮುಂದೆ ಒಂದು ವಿವರದ ಅಂಕಣವನ್ನಿಟ್ಟಿದ್ದಿತು. ಅದರಲ್ಲಿ ಒಬ್ಬನ ಮುಂದೆ ‘ಇಂತಹ ರೋಗಿಯ ಸಂಪರ್ಕ’ ಎಂದೂ ಇನ್ನೊಬ್ಬನ ಮುಂದೆ ‘ಮಹಾರಾಷ್ಟ್ರದ ಪ್ರಯಾಣ’ ಎಂದೂ ಬರೆದಿದ್ದರೆ, ಮತ್ತೊಬ್ಬನ ಮುಂದೆ ‘ಐ.ಎಲ್.ಐ.’ ಅಥವಾ ‘ಸಾರಿ’ ಎಂದು ಬರೆದಿರುತ್ತಿತ್ತು. ಮೊದಲಿನ ಎರಡು ರೋಗವು ಬಂದ ದಾರಿಯನ್ನು ಹೇಳುತ್ತವೆ. ಕಡೆಯ ಎರಡಾದರೋ ರೋಗದ ಲಕ್ಷಣವನ್ನು ಹೇಳುತ್ತವೆ. ಐ.ಎಲ್.ಐ. ಎಂದರೆ ಇನ್‌ಫ್ಲುಎನ್‌ಜಾದಂತಹ ಬೇನೆ: ೩೮ ಡಿಗ್ರಿ ಸೆಲ್ಸಿಯಸ್ಸು ಅಥವಾ ಅದಕ್ಕೆ ಮೇಲ್ಪಟ್ಟ ಜ್ವರ, ಕೆಮ್ಮು, ಹತ್ತು ದಿನಗಳೊಳಗೆ ಆರಂಭ. ಅದೇ ಲಕ್ಷಣಗಳಿಂದ ಆಸ್ಪತ್ರೆಗೆ ಸೇರಬೇಕಾದರೆ ಅದು ಸಾರಿ. ‘ಅಂತಹ’ ಎಂಬ ಉಪಮಾವಾಚಕವನ್ನು ಮರೆತು ಈ ಮಾತುಗಳನ್ನು ರೋಗದ ಹೆಸರುಗಳೆಂದೇ ಜನರು ತಿಳಿದರು. ಹೀಗೆ ಕಾರಣವೂ ಲಕ್ಷಣವೂ ಒಂದೇ ಅಂಕಣದಲ್ಲಿ ಕುಳಿತವು.

ಆಯುರ್ವೇದದಲ್ಲಿ ನಿದಾನ ಬೇರೆ, ರೂಪ ಬೇರೆ. ಪ್ರತಿಶ್ಯಾಯ, ಕಾಸ, ಶ್ವಾಸ ಎಂಬ ಹೆಸರುಗಳು ರೂಪದಿಂದ ಬಂದವು. ಊರಿಗೆ ಊರೇ ಹಾಳಾಗುವ ಬೇನೆಯನ್ನು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ವಿಚಾರಿಸುವಾಗ, ಪ್ರಕೃತಿಭೇದವಿದ್ದ ಜನರಿಗೆಲ್ಲ ಒಂದೇ ಕಾಲದಲ್ಲಿ ಒಂದೇ ವ್ಯಾಧಿಯು ಹೇಗೆ ಬಂದೀತೆಂದು ಕೇಳಿ, ಅವರೆಲ್ಲರಿಗೂ ಸಾಮಾನ್ಯವಾದ ವಾಯು, ಜಲ, ದೇಶ, ಕಾಲಗಳ ಕೆಡುವಿಕೆಯಲ್ಲಿ ಕಾರಣವನ್ನು ಹುಡುಕುತ್ತದೆ. ಉತ್ತರವು ಇಂದಿನ ಶಾಸ್ತ್ರಕ್ಕೆ ಹೊಂದದಿರಬಹುದು. ರೂಪದಿಂದ ಕಾರಣಕ್ಕೆ ಹೋಗಬೇಕಾದರೆ ಬೇರೊಂದು ವಿಚಾರವು ಬೇಕೆಂಬ ತಿಳಿವಳಿಕೆಯು ಮಾತ್ರ ಅಲ್ಲಿ ಸ್ಪಷ್ಟವಾಗಿದೆ.

೪

ಹಾಗಾದರೆ ಪ್ರಯೋಗಶಾಲೆಯ ಯಾವ ‘ಇಲ್ಲ’ವನ್ನೂ ನಂಬಬಾರದೇ? ಹಾಗೂ ಅಲ್ಲ. ಈ ಮಹಾಮಾರಿಯ ಕಾಲದಲ್ಲಿಯೇ ಒಂದು ಅಭಾವವು ಸಕಲ ಪ್ರಮಾಣಗಳಿಂದ ಸಿದ್ಧವಾಯಿತು.

೨೦೨೦ರ ಏಪ್ರಿಲಿನಿಂದ ಮುಂದೆ ಜಗತ್ತಿನ ಬಹುಭಾಗದಲ್ಲಿ ಇನ್‌ಫ್ಲುಎನ್‌ಜಾ ಬಹಳ ಕಡಮೆಯಾಯಿತು. ಪೂರ್ವಪಕ್ಷಿಯು ಹೀಗೆ ಹೇಳಬಹುದು: ‘ಜನರು ಹೆದರಿ ಆಸ್ಪತ್ರೆಗೆ ಬರಲಿಲ್ಲ, ಪ್ರಯೋಗಶಾಲೆಗಳೆಲ್ಲ ಕೊರೊನಾದ ಕೆಲಸದಲ್ಲಿ ಮುಳುಗಿದ್ದವು, ಹುಡುಕದೆ ಇದ್ದುದರಿಂದ ಕಾಣಲಿಲ್ಲ, ಅಷ್ಟೇ.’ ಆಕ್ಷೇಪವು ಯುಕ್ತವಾದುದು. ಲಾಕ್‌ಡೌನಿನ ಮೊದಲ ವಾರಗಳಿಗೆ ಇದು ಅನೇಕ ಕಡೆ ಸಲ್ಲುತ್ತದೆ ಕೂಡ. ಆದರೆ ಅಮೆರಿಕದಲ್ಲಿ ೨೦೨೦ರ ಸೆಪ್ಟೆಂಬರ್ ಕೊನೆಯಿಂದ ೨೦೨೧ರ ಮೇ ತಿಂಗಳವರೆಗೆ ಆಸ್ಪತ್ರೆಗಳ ಪ್ರಯೋಗಶಾಲೆಗಳು ೮,೧೮,೯೩೯ ಮಾದರಿಗಳಲ್ಲಿ ಇನ್‌ಫ್ಲುಎನ್‌ಜಾವನ್ನೇ ಹುಡುಕಿದವು, ಸಿಕ್ಕಿದ್ದು ೧,೬೭೫ರಲ್ಲಿ. ನೂರಕ್ಕೆ ೦.೨. ಹುಡುಕುವಿಕೆಯು ನಿಂತಿರಲಿಲ್ಲವೆಂಬುದಕ್ಕೆ ಮೊದಲನೆಯ ಸಂಖ್ಯೆಯೇ ಸಾಕ್ಷಿ. ಇನ್ನೊಂದು ಸಾಕ್ಷಿಯೂ ಉಂಟು. ಸಾಧಾರಣ ನೆಗಡಿಯನ್ನು ತರುವ ರೈನೋವೈರಾಣುವು ಅದೇ ಕಾಲದಲ್ಲಿ ಅನೇಕ ದೇಶಗಳಲ್ಲಿ ಸಿಕ್ಕುತ್ತಲೇ ಇದ್ದಿತು. ಮಾದರಿಯನ್ನು ತೆಗೆಯುವ ಕೈಯೂ ಅದನ್ನು ನೋಡುವ ಯಂತ್ರವೂ ಕೆಟ್ಟಿದ್ದರೆ ಇದೂ ಸಿಕ್ಕಬಾರದಾಗಿದ್ದಿತು. ಒಂದು ಸಿಕ್ಕಿ ಇನ್ನೊಂದು ಸಿಕ್ಕದಿರುವಾಗ ದೀಪವು ಉರಿಯುತ್ತಿದೆಯೆಂಬುದು ಸಿದ್ಧವಾಯಿತು.

ಒಂದೊಂದು ಮಾದರಿಯಲ್ಲಿಯೂ ದೀಪವನ್ನು ಪರೀಕ್ಷಿಸುವ ಕ್ರಮವುಂಟು. ಕೊರೊನಾ ಪರೀಕ್ಷೆಗಳಲ್ಲಿ ವೈರಾಣುವಿನೊಡನೆ ಮನುಷ್ಯನ ಜೀವಕೋಶದ ಒಂದು ಜೀನನ್ನೂ ಹುಡುಕುತ್ತಾರೆ. ಅದು ಸಿಕ್ಕಿದರೆ ಕಡ್ಡಿಯು ಗಂಟಲನ್ನು ಸರಿಯಾಗಿ ಮುಟ್ಟಿದೆಯೆಂದರ್ಥ. ಅದೂ ಸಿಕ್ಕದಿದ್ದರೆ ಫಲಿತಾಂಶವನ್ನು ‘ನೆಗೆಟಿವ್’ ಎಂದು ಬರೆಯದೆ, ಮಾದರಿಯೇ ಅಸಿಂಧುವೆಂದು ಹೇಳಿ ಪುನಃ ತೆಗೆಯಬೇಕು. ಶಾಸ್ತ್ರವು ಹೇಳುವ ಯೋಗ್ಯತೆಯನ್ನು ಪ್ರಯೋಗಶಾಲೆಯು ಕೈಯಿಂದ ಮಾಡಿ ತೋರಿಸುವ ಬಗೆ ಇದು. ಆದರೆ ಜನರಿಗೆ ಮುಟ್ಟುವ ವರದಿಯಲ್ಲಿ ಈ ಭೇದವು ಕಾಣಿಸಿಕೊಳ್ಳುವುದು ಅಪರೂಪ.

ಅಭಾವವನ್ನು ಹೇಳುವಾಗ ಎಷ್ಟು ತಾಳ್ಮೆ ಬೇಕೆಂಬುದಕ್ಕೆ ‘ಬಿ/ಯಾಮಗಾತಾ’ ಎಂಬ ಇನ್‌ಫ್ಲುಎನ್‌ಜಾ ಪ್ರಭೇದವು ನಿದರ್ಶನ. ೨೦೨೦ರ ಮಾರ್ಚಿನ ಅನಂತರ ಅದು ಸ್ವಾಭಾವಿಕವಾಗಿ ಹಬ್ಬಿದ್ದು ಎಲ್ಲಿಯೂ ಖಚಿತವಾಗಿ ಸಿಕ್ಕಲಿಲ್ಲ. ೧೯೫೨ರಿಂದ ಇನ್‌ಫ್ಲುಎನ್‌ಜಾವನ್ನು ಕಾಯುತ್ತ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಶಾಲೆಗಳ ಜಾಲವು ಒಂದು ವರ್ಷ ಕಾಣಲಿಲ್ಲವೆಂದು ಅದನ್ನು ಬಿಡಲಿಲ್ಲ. ಮೂರು ವರ್ಷಗಳಿಗೂ ಮೇಲ್ಪಟ್ಟು ಎಲ್ಲ ಖಂಡಗಳಲ್ಲಿ ಹುಡುಕಿದ ಮೇಲೆ, ೨೦೨೩ರ ಸೆಪ್ಟೆಂಬರಿನಲ್ಲಿ, ಲಸಿಕೆಯಲ್ಲಿ ಅದನ್ನು ಸೇರಿಸುವ ಅವಶ್ಯಕತೆಯಿಲ್ಲವೆಂದು ತಜ್ಞರ ಸಮಿತಿಯು ಹೇಳಿತು. ಆಗಲೂ ಮಾತು ‘ಇಂದಿನಿಂದ ಈಚೆಗೆ ಸಿಕ್ಕಿಲ್ಲ’ ಎಂಬಷ್ಟಕ್ಕೆ ನಿಂತಿತು. ಪ್ರಧ್ವಂಸಾಭಾವವನ್ನು, ಎಂದರೆ ಇದ್ದದ್ದು ಅಳಿದುಹೋಯಿತೆಂಬುದನ್ನು, ಹೇಳತಕ್ಕ ಕ್ರಮವಿದು. ಹುಡುಕಿದ ಕಾಲ, ಹುಡುಕಿದ ದೇಶ, ಹುಡುಕಿದ ಸಂಖ್ಯೆ ಮೂರೂ ಎದುರಿಗಿವೆ.

೫

‘ಕಾಣಲಿಲ್ಲ, ಆದುದರಿಂದ ಇಲ್ಲ’ ಎಂಬುದು ಒಂದು ದೋಷವಾದರೆ, ‘ಈಗ ಕಂಡಿತು, ಆದುದರಿಂದ ಈಗ ಬಂದಿತು’ ಎಂಬುದು ಅದರ ಜೋಡಿ.

೨೦೨೫ರ ಜನವರಿ ೬ರಂದು ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್.ಎಂ.ಪಿ.ವಿ. ಎಂಬ ವೈರಾಣುವು ಸಿಕ್ಕಿದ ಸಮಾಚಾರವು ಪ್ರಕಟವಾಯಿತು. ಚೀನಾ ದೇಶದಿಂದ ಹೊಸ ಮಹಾಮಾರಿಯು ಬಂದಿತೆಂದು ಹಲವರು ಗಾಬರಿಯಾದರು. ವಸ್ತುಸ್ಥಿತಿಯು ಬೇರೆ. ಆ ವೈರಾಣುವನ್ನು ನೆದರ್ಲೆಂಡ್ಸಿನ ಶೋಧಕರು ೨೦೦೧ರಲ್ಲಿಯೇ ಗುರುತಿಸಿದ್ದರು; ಅದು ಭಾರತದಲ್ಲಿಯೂ ಮೊದಲಿನಿಂದ ಹರಡಿಕೊಂಡಿರುವುದೇ ಎಂದು ಕೇಂದ್ರ ಆರೋಗ್ಯ ಮಂತ್ರಾಲಯವು ಆಗಲೇ ತಿಳಿಸಿತು. ಹಲವು ವೈರಾಣುಗಳನ್ನು ಒಟ್ಟಿಗೆ ಹುಡುಕುವ ವಾಡಿಕೆಯ ಕಾವಲಿನಲ್ಲಿ ಅದು ಕಣ್ಣಿಗೆ ಬಿದ್ದಿತ್ತು. ಕೋಣೆಗೆ ದೀಪವನ್ನು ತಂದಾಗ ಗಡಿಗೆಯು ಕಂಡರೆ, ದೀಪವು ಗಡಿಗೆಯನ್ನು ತಂದಿತೆನ್ನುವವರಿಲ್ಲ. ಜ್ಞಾನದ ಪ್ರಾಗಭಾವವನ್ನು ವಸ್ತುವಿನ ಪ್ರಾಗಭಾವವೆಂದು ಭ್ರಮಿಸಿದ್ದೇ ಇಲ್ಲಿಯ ದೋಷ.

೨೦೨೩ರ ಮಾರ್ಚಿನಲ್ಲಿ ಹಾಸನ ಜಿಲ್ಲೆಯ ವೃದ್ಧರೊಬ್ಬರ ಮರಣವು ಎಚ್೩ಎನ್೨ ಎಂಬ ಇನ್‌ಫ್ಲುಎನ್‌ಜಾದಿಂದ ಆದುದೆಂದು ತಿಳಿದಾಗಲೂ ಇಂತಹದೇ ಗಾಬರಿಯುಂಟಾಯಿತು. ಎಚ್೩ಎನ್೨ ೧೯೬೮ರಿಂದ ಮನುಷ್ಯರಲ್ಲಿ ಹರಡುತ್ತ ಬಂದದ್ದು. ಆ ವರ್ಷ ಅದು ಪ್ರಬಲವಾದುದು ನಿಜ. ಅದು ಪ್ರಬಲವೆಂದು ತಿಳಿದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಪ್ರಯೋಗಶಾಲೆಗಳು ೨೦೨೧ರಿಂದ ಒಂದೇ ಮಾದರಿಯಲ್ಲಿ ಕೊರೊನಾ, ಇನ್‌ಫ್ಲುಎನ್‌ಜಾ ಎರಡನ್ನೂ ನೋಡುವ ಕ್ರಮವನ್ನು ಹಿಡಿದುದರಿಂದ. ೨೦೨೨ರ ಡಿಸೆಂಬರ್ ನಡುವಿನಿಂದ ಪರೀಕ್ಷೆಗೆ ಬಂದ ಸಾರಿ ಮತ್ತು ಐ.ಎಲ್.ಐ. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅದು ಸಿಕ್ಕಿತೆಂದು ಮಂಡಲಿಯು ಪ್ರಕಟಿಸಿತು. ‘ಸುಮಾರು ಅರ್ಧ’ ಎಂಬ ಮಾತಿಗೆ ಬೆಲೆಯುಂಟು. ಪರೀಕ್ಷಿಸಿದವರು ಎಷ್ಟು ಎಂಬ ಛೇದವು ಅದರಲ್ಲಿ ಅಡಗಿದೆ. ಛೇದವನ್ನು ಬಿಟ್ಟು ‘ಇಷ್ಟು ಪ್ರಕರಣಗಳು’ ಎಂದು ಅಂಶವನ್ನು ಮಾತ್ರ ಹೇಳುವ ವಾರ್ತೆಯಿಂದ ರೋಗವು ಹೆಚ್ಚಿತೋ ಪರೀಕ್ಷೆಯು ಹೆಚ್ಚಿತೋ ತಿಳಿಯುವಂತಿಲ್ಲ.

೬

ಇನ್ನು ಉಳಿದದ್ದು ಅತ್ಯಂತಾಭಾವ. ‘ಇಲ್ಲಿ ಅದು ಎಂದಿಗೂ ಇಲ್ಲ’ ಎಂಬ ಈ ಅಭಾವವನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮೌನದಿಂದಲೇ ಅದು ಹುಟ್ಟಿಕೊಳ್ಳುತ್ತದೆ. ಜಮಖಂಡಿ ಮೊದಲಾದ ಸ್ಥಳಗಳಿಗೆ ಮುಖ್ಯವಾಗಿ ಸಂಬಂಧಪಡುವುದು ಇದೇ.

೨೦೦೪ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯಲ್ಲಿ ಮೂರು ಬಗೆಯ ನಮೂನೆಗಳುಂಟು. ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆಯು ಜ್ವರ, ಕೆಮ್ಮು ಎಂದು ಲಕ್ಷಣವನ್ನು ಬರೆಯುತ್ತಾಳೆ. ವೈದ್ಯರು ತಮಗೆ ತೋರಿದ ರೋಗವನ್ನು ಬರೆಯುತ್ತಾರೆ. ಪ್ರಯೋಗಶಾಲೆಯು ಖಚಿತವಾದುದನ್ನು ಬರೆಯುತ್ತದೆ. ಕ್ರಮವು ಉತ್ತಮವಾದುದು. ಮೊದಲನೆಯ ನಮೂನೆಯು ಹಳ್ಳಿಹಳ್ಳಿಗಳಲ್ಲಿ ತುಂಬುತ್ತದೆ. ಮೂರನೆಯದು ಪ್ರಯೋಗಶಾಲೆಯಿರುವಲ್ಲಿ ಮಾತ್ರ. ಇವೆರಡರ ನಡುವಿನ ಅಂತರದಲ್ಲಿ ‘ಜ್ವರ’ವೆಂಬ ಹಳೆಯ ಅಂಕಣವು ಇಂದಿಗೂ ಬದುಕಿದೆ.

ಖಚಿತವಾದ ಲೆಕ್ಕವೂ ಜನರೆದುರಿಗೆ ಬರುವಾಗ ತನ್ನ ಊರನ್ನು ಕಳೆದುಕೊಳ್ಳುತ್ತದೆ. ಕೇಂದ್ರವು ಪ್ರಕಟಿಸುವ ಋತುಮಾನದ ಇನ್‌ಫ್ಲುಎನ್‌ಜಾದ ಪಟ್ಟಿಯು ರಾಜ್ಯವಾರು. ಅಲ್ಲಿ ಮುಧೋಳವು ‘ಕರ್ನಾಟಕ’. ಕೋವಿಡ್ ಕಾಲದ ರಾಜ್ಯದ ದೈನಂದಿನ ಪಟ್ಟಿಯು ಜಿಲ್ಲಾವಾರು. ಅಲ್ಲಿ ಬೀಳಗಿಯು ‘ಬಾಗಲಕೋಟೆ’. ೧೯೧೮ರಲ್ಲಿ ನಾಲ್ಕು ಆಡಳಿತಗಳ ನಡುವೆ ಚದುರಿಹೋಗಿದ್ದ ಊರುಗಳು ಈಗ ಒಂದೇ ಹೆಸರಿನೊಳಗೆ ಕರಗಿಹೋಗಿವೆ. ಪ್ರಕಾರವು ಬೇರೆ, ಫಲವು ಒಂದೇ.

ಈ ನಾಡಿಗೆ ತನ್ನದೇ ಆದ ಋತುಧರ್ಮವುಂಟು. ಭಾರತದಲ್ಲಿ ಇನ್‌ಫ್ಲುಎನ್‌ಜಾಕ್ಕೆ ಮಳೆಗಾಲದ್ದೊಂದು, ಚಳಿಗಾಲದ ಕಡೆಯದೊಂದು ಹೀಗೆ ಎರಡು ಏರುಗಳೆಂದು ತಿಳಿದಿದೆ. ಕೃಷ್ಣಾ-ಘಟಪ್ರಭಾ ನದಿಗಳ ನಡುವಿನ ಈ ಬಯಲಿನಲ್ಲಿ ಮಳೆಯು ಕಡಮೆ, ನೀರಾವರಿಯ ಕಬ್ಬು ಹೆಚ್ಚು. ಚಳಿಗಾಲದ ಏರಿನ ಹೊತ್ತಿಗೇ ಸಕ್ಕರೆ ಕಾರಖಾನೆಗಳ ಹಂಗಾಮು ನಡೆದಿರುತ್ತದೆ. ಕಬ್ಬು ಕಡಿಯುವ ತಂಡಗಳು ಮಕ್ಕಳುಮರಿಗಳೊಡನೆ ದೂರದಿಂದ ಬಂದು ಹೊಲದ ಬದಿಯ ಗುಡಿಸಲುಗಳಲ್ಲಿ ಇಳಿದಿರುತ್ತವೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮನೆಗಳು ಕಿಕ್ಕಿರಿದಿವೆ. ಇಲ್ಲಿ ಜ್ವರವು ಯಾವ ತಿಂಗಳಲ್ಲಿ ಏರುತ್ತದೆ, ಏರಿದ ಜ್ವರದಲ್ಲಿ ಯಾವ ವೈರಾಣುವಿನ ಪಾಲು ಎಷ್ಟು, ದಮ್ಮಿನ ರೋಗಿಗಳಿಗೆ ಲಸಿಕೆಯನ್ನು ಮಳೆಗಾಲಕ್ಕೆ ಮೊದಲು ಕೊಡಬೇಕೋ ದೀಪಾವಳಿಯ ಅನಂತರವೋ ಎಂಬ ಪ್ರಶ್ನೆಗಳಿಗೆ ಬೆಂಗಳೂರಿನ ಅಥವಾ ಪುಣೆಯ ಸಂಖ್ಯೆಗಳಿಂದ ಉತ್ತರ ಹೇಳುವುದು ಅನ್ಯದೇಶದ ಪಂಚಾಂಗದಿಂದ ಇಲ್ಲಿಯ ಸೂರ್ಯೋದಯವನ್ನು ಹೇಳಿದಂತೆ.

ಇಲ್ಲಿ ಎರಡನೆಯ ಪೂರ್ವಪಕ್ಷವು ಬರುತ್ತದೆ: ‘ತಾಲೂಕಿನ ಆಸ್ಪತ್ರೆಗೆ ಬರುವ ಪ್ರತಿಯೊಂದು ಕೆಮ್ಮನ್ನೂ ಪರೀಕ್ಷಿಸಲಾಗದು, ಅಷ್ಟು ಹಣವಿಲ್ಲ, ಬಹುಮಂದಿಗೆ ಔಷಧವೂ ಒಂದೇ.’ ಸಿದ್ಧಾಂತವು ಪ್ರತಿಯೊಂದು ಕೆಮ್ಮನ್ನೂ ಕೇಳುವುದಿಲ್ಲ. ಅನ್ನದ ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೇ ಎಂದು ತಿಳಿಯುವ ಸ್ಥಾಲೀಪುಲಾಕ ನ್ಯಾಯವು ಎಲ್ಲರಿಗೂ ಗೊತ್ತಿದ್ದದ್ದೇ. ಕಾವಲು ಕೇಂದ್ರವೆಂಬ ಕ್ರಮದ ತಿರುಳೂ ಅದೇ. ಗೊತ್ತಾದ ಒಂದು ಆಸ್ಪತ್ರೆ, ವಾರಕ್ಕೆ ಗೊತ್ತಾದ ಕೆಲವೇ ಮಾದರಿಗಳು, ಒಂದೇ ಲಕ್ಷಣನಿಯಮ, ವರ್ಷದ ಹನ್ನೆರಡು ತಿಂಗಳೂ ಬಿಡದ ಅಭ್ಯಾಸ, ಇಷ್ಟಿದ್ದರೆ ಸಾಕು. ಅಗುಳನ್ನು ಪಾತ್ರೆಯ ಮೇಲಿನಿಂದಲೇ ಆರಿಸಬಾರದೆಂಬುದಷ್ಟೇ ನಿಬಂಧನೆ. ಗಾಬರಿಯಾದಾಗ ಸಾವಿರ ಪರೀಕ್ಷೆಗಳನ್ನು ಮಾಡಿ ಗಾಬರಿ ಇಳಿದ ಮೇಲೆ ಒಂದನ್ನೂ ಮಾಡದಿರುವ ಕ್ರಮಕ್ಕಿಂತ ಇದು ಅಗ್ಗವೂ ಹೌದು, ಪ್ರಾಮಾಣಿಕವೂ ಹೌದು. ಮುಂದಿನ ಮಹಾಮಾರಿಯು ಬರುವುದಾದರೆ ಅದು ಮೊದಲು ಕಾಣಿಸಿಕೊಳ್ಳುವುದು ಹೆಸರಿಲ್ಲದ ಸಾಧಾರಣ ಜ್ವರದ ರೂಪದಲ್ಲಿಯೇ.

೭

ವರದಿಗಳನ್ನು ಬರೆಯುವವರಲ್ಲಿ ಅಪೇಕ್ಷಿಸತಕ್ಕದ್ದು ಬಹಳವಿಲ್ಲ. ಯಾವ ವೈರಾಣುವನ್ನು ಹುಡುಕಿದರು, ಯಾವ ಊರಿನ ಎಂತಹ ರೋಗಿಗಳಲ್ಲಿ, ಯಾವ ವಾರದಲ್ಲಿ, ಎಷ್ಟು ಮಾದರಿಗಳಲ್ಲಿ, ಅವುಗಳಲ್ಲಿ ಎಷ್ಟರಲ್ಲಿ ಸಿಕ್ಕಿತು. ಈ ಐದು ಸಂಗತಿಗಳಿದ್ದರೆ ವರದಿಯು ಪ್ರಮಾಣವಾಗುವುದು. ಇವುಗಳಲ್ಲಿ ಒಂದು ತಪ್ಪಿದರೂ ಅದು ವಾರ್ತೆಯಾಗಿ ಉಳಿಯುವುದು.

ಭಾಷೆಯ ದಾರಿದ್ರ್ಯವನ್ನು ಇಲ್ಲಿ ಕಾರಣವಾಗಿ ಹೇಳುವಂತಿಲ್ಲ. ‘ನೋಡಿಲ್ಲ’, ‘ನೋಡಿದೆ, ಕಾಣಲಿಲ್ಲ’, ‘ನೋಡಿದೆ, ಕಂಡಿದೆ’, ‘ನೋಡಿದೆ, ಮಾದರಿ ಸರಿಯಿಲ್ಲ’ ಎಂಬ ನಾಲ್ಕು ಮಾತುಗಳು ಮುಧೋಳದ ಸಂತೆಯಲ್ಲಿ ಕುಳಿತ ಮುದುಕಿಗೂ ತಿಳಿಯುವುವು. ರನ್ನನು ಹುಟ್ಟಿದ ಆ ಊರಿನ ಕನ್ನಡವು ಇಷ್ಟು ಭೇದವನ್ನು ಹೇಳಲಾರದಷ್ಟು ಬಡವಾಗ ಎಂದೂ ಇರಲಿಲ್ಲ. ‘ಪ್ರಕರಣ ವರದಿಯಾಗಿಲ್ಲ’ ಎಂಬ ರೂಢಿಯ ವಾಕ್ಯವು ಈ ನಾಲ್ಕನ್ನೂ ಒಂದೇ ಮುಸುಕಿನಲ್ಲಿ ಮುಚ್ಚುವುದರಿಂದ ಅದನ್ನು ಬಿಡುವುದೇ ಲೇಸು.

೧೯೧೮ರಲ್ಲಿ ಈ ನಾಲ್ಕು ಊರುಗಳಲ್ಲಿ ಎಷ್ಟು ಜನರು ಆ ಬೇನೆಯಿಂದ ಸತ್ತರೆಂಬುದನ್ನು ಇನ್ನು ಯಾವ ಪ್ರಯೋಗಶಾಲೆಯೂ ಹೇಳಲಾರದು. ಅವರು ‘ಜ್ವರ’ವೆಂಬ ಅಂಕಣದಲ್ಲಿ ಶಾಶ್ವತವಾಗಿ ಸೇರಿಹೋಗಿದ್ದಾರೆ. ಆಗ ನೋಡುವ ಸಾಧನವಿರಲಿಲ್ಲ. ಈಗ ಸಾಧನವುಂಟು. ಆದುದರಿಂದ ಈಗಿನ ‘ಇಲ್ಲ’ಕ್ಕೆ ಅಂದಿನದಕ್ಕಿದ್ದ ಕ್ಷಮೆಯಿಲ್ಲ.